ರೊಕ್ಕ ಬರುವ ತಿಂಗಳು



ತಳಕಲ್ಲಿನ ಕೊಪ್ಪಳ ವಿಶ್ವವಿದ್ಯಾಲಯದಲ್ಲಿ ಈ ದತ್ತಿಯನ್ನು ಇಟ್ಟ ಮನೆತನದವರು ಉಪನ್ಯಾಸದಲ್ಲಿ ತಮ್ಮ ಹೆಸರು ಎತ್ತಬಾರದೆಂದು ಕೇಳಿಕೊಂಡಿದ್ದಾರೆ. ಅವರ ಮಾತು ಮೀರುವುದಿಲ್ಲ. ಅವರು ಹಾಕಿದ ಇನ್ನೊಂದು ಷರತ್ತು ಎಂದರೆ, ಮಾತನಾಡುವವರು ಈ ಸೀಮೆಯ ಮಕ್ಕಳಿಗೆ ಸಂಬಂಧಿಸಿದ್ದನ್ನೇ ಮಾತನಾಡಬೇಕು ಎಂಬುದು. ಅದಕ್ಕೇ ನಾನು ಆರಿಸಿಕೊಂಡ ವಿಷಯ, ಬಡವರ ಮನೆಯ ಹುಡುಗ ಹುಡುಗಿಯರು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರಿಗೆ ಸಿಗುವ ಹಣದ ನೆರವು. ನೆರವು ಕಡಿಮೆ ಎಂಬ ದೂರನ್ನು ಎಲ್ಲರೂ ಹೇಳುತ್ತಾರೆ, ನಾನೂ ಸ್ವಲ್ಪ ಹೇಳುತ್ತೇನೆ. ಆದರೆ ಇಂದು ಮುಖ್ಯವಾಗಿ ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಆ ರೊಕ್ಕ ಯಾವ ತಿಂಗಳಲ್ಲಿ ಕೈಗೆ ಬರುತ್ತದೆ?

ಯಲಬುರ್ಗಾ, ಕುಕನೂರು, ಕುಷ್ಟಗಿ ಕಡೆಯ ಒಣಬೇಸಾಯದ ಮನೆಯೊಂದರ ವರ್ಷವನ್ನು ನೆನೆಸಿಕೊಳ್ಳಿ. ಜೂನ್ ಬಂತೆಂದರೆ ಬೀಜ, ಗೊಬ್ಬರ, ಗಳೇವು. ಮನೆಯಲ್ಲಿದ್ದ ಕೊನೆಯ ದುಡ್ಡು ಮಣ್ಣಿಗೆ ಹೋಗುತ್ತದೆ. ಮಳೆ ಸರಿಯಾಗಿ ಬಿದ್ದರೆ ಹೆಸರು ಆಗಸ್ಟ್ ಕೊನೆಗೆ, ಗೋವಿನಜೋಳ ದೀಪಾವಳಿಯ ಆಸುಪಾಸಿಗೆ, ಎರಿ ಹೊಲದ ಕಡಲೆ, ಬಿಳಿಜೋಳ ಶಿವರಾತ್ರಿಯ ಹೊತ್ತಿಗೆ. ಕಾಲೇಜಿನ ಪ್ರವೇಶ ಶುಲ್ಕ ಕಟ್ಟುವ ದಿನ ಬರುವುದು ಯಾವಾಗ? ಬಿತ್ತುವ ದಿನಗಳಲ್ಲೇ. ಮನೆಯಲ್ಲಿ ರೊಕ್ಕ ಇಲ್ಲದ ತಿಂಗಳನ್ನೇ ಹುಡುಕಿ ಆರಿಸಿದಂತೆ ನಮ್ಮ ಶೈಕ್ಷಣಿಕ ವರ್ಷ ಶುರುವಾಗುತ್ತದೆ. ವಿದ್ಯಾರ್ಥಿವೇತನ ಬರುವುದು ಎಷ್ಟೋ ಸಲ ಪರೀಕ್ಷೆ ಮುಗಿದ ಮೇಲೆ, ಕೆಲವರಿಗೆ ಮುಂದಿನ ವರ್ಷ. ನಡುವಿನ ಆ ಏಳೆಂಟು ತಿಂಗಳನ್ನು ತುಂಬುವವರು ಯಾರು? ಊರಿನ ಕೈಸಾಲದವರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದು ಲೆಕ್ಕ ಹಿಡಿಯಿರಿ. ಹತ್ತು ಸಾವಿರ ತಂದವನು ಎಂಟು ತಿಂಗಳಿಗೆ 2,400 ರೂಪಾಯಿ ಬಡ್ಡಿ ಕಟ್ಟುತ್ತಾನೆ. ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದ ಕಾಲುಭಾಗ ಹೀಗೆ ಸಾಹುಕಾರನ ಮನೆ ಸೇರುತ್ತದೆ. ಯಾವ ಬಜೆಟ್ ಪುಸ್ತಕದಲ್ಲೂ ಈ ಸೋರಿಕೆಗೆ ಒಂದು ತಲೆಬರಹವಿಲ್ಲ.

ಹಣ ಬೇಕಾದ ತಿಂಗಳಲ್ಲೇ ಬರಬೇಕೆಂಬುದು ಹಿಂದಿನವರಿಗೆ ಗೊತ್ತಿತ್ತೇ? ಗೊತ್ತಿತ್ತು ಎಂದು ನನಗೆ ಅನಿಸುವುದು ಸಾಲೋಟಗಿಯ ಕಂಬಶಾಸನವನ್ನು ಓದಿದಾಗ. ಇಂಡಿ ತಾಲೂಕಿನ ಆ ಊರಿನಲ್ಲಿ ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಒಂದು ವಿದ್ಯಾಶಾಲೆ ಕಟ್ಟಿಸಿದ. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರಲು 27 ಮನೆಗಳು. ಶಾಲೆಯ ಖರ್ಚಿಗೆ 500 ನಿವರ್ತನ ಭೂಮಿ, ಗುರುವಿಗೆ ಮನೆ ಮತ್ತು 50 ನಿವರ್ತನ. ಇವೆಲ್ಲ ಇರಲಿ, ನನ್ನ ಕಣ್ಣು ನಿಂತದ್ದು ದೀಪದ ಎಣ್ಣೆಗೆಂದು ಬೇರೆಯಾಗಿ ತೆಗೆದಿಟ್ಟ 12 ನಿವರ್ತನದ ಮೇಲೆ. ರಾತ್ರಿ ಓದುವವನಿಗೆ ಎಣ್ಣೆ ಬೇಕು, ಅದಕ್ಕೆ ಪ್ರತಿ ವರ್ಷ ಯಾರ ಮುಂದೆಯೂ ಕೈ ಒಡ್ಡಬಾರದು ಎಂದು ಯೋಚಿಸಿದವನು ಆಡಳಿತ ಬಲ್ಲವನು. ಮದುವೆ, ಮುಂಜಿ, ಚೌಲಗಳಲ್ಲಿ ಊರವರು ಶಾಲೆಗೆ ಇಂತಿಷ್ಟು ಹಣ ಕೊಡಬೇಕೆಂದೂ ಗೊತ್ತುಮಾಡಿದ್ದಾನೆ. ಭೂಮಿಯ ಹುಟ್ಟುವಳಿ ಸುಗ್ಗಿಗೆ, ಮದುವೆಯ ಕಾಣಿಕೆ ಲಗ್ನದ ದಿನಗಳಲ್ಲಿ. ಎರಡೂ ಬೇರೆ ಬೇರೆ ತಿಂಗಳುಗಳಲ್ಲಿ ಬರುವ ಆದಾಯ. ಆ 27 ಮನೆಗಳ ಬಾಗಿಲು ಬಿತ್ತುವವರ, ನೇಯುವವರ, ಚರ್ಮ ಹದ ಮಾಡುವವರ ಮಕ್ಕಳಿಗೆ ತೆರೆದಿರಲಿಲ್ಲ. ಇದನ್ನೂ ಅದೇ ಉಸಿರಿನಲ್ಲಿ ಹೇಳದಿದ್ದರೆ ಇತಿಹಾಸಕ್ಕೆ ಅಪಚಾರ. ಇಲ್ಲಿಗೆ ಸಮೀಪದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ದೇವಾಲಯವನ್ನು ನೋಡಲು ಹೋಗುವ ನಮ್ಮ ಹುಡುಗರು ಆ ಕಾಲದಲ್ಲಿ ಹುಟ್ಟಿದ್ದರೆ ಕಲ್ಲು ಹೊರುತ್ತಿದ್ದರೇ ಹೊರತು ಶಾಸ್ತ್ರ ಓದುತ್ತಿರಲಿಲ್ಲ.

ಆ ಬಾಗಿಲು ಅಗಲವಾದದ್ದು ಬಹಳ ತಡವಾಗಿ, ಅದೂ ವಸತಿನಿಲಯಗಳ ಮೂಲಕ. ಕೊಲ್ಹಾಪುರದ ಶಾಹು ಮಹಾರಾಜರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾತಿ ಜಾತಿಗೊಂದು ಬೋರ್ಡಿಂಗ್ ತೆರೆಸಿದರು. ಹಳ್ಳಿಯ ಹುಡುಗನಿಗೆ ಶುಲ್ಕಕ್ಕಿಂತ ದೊಡ್ಡ ಅಡ್ಡಿ ಪೇಟೆಯಲ್ಲಿ ಮಲಗಲು ಜಾಗ, ಉಣ್ಣಲು ರೊಟ್ಟಿ ಎಂಬುದು ಅವರಿಗೆ ಅರ್ಥವಾಗಿತ್ತು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ, ನಮ್ಮ ಕೊಪ್ಪಳದ ಗವಿಮಠ ನಡೆಸಿಕೊಂಡು ಬಂದ ಪ್ರಸಾದ ನಿಲಯಗಳ ಬಗ್ಗೆ ಇಲ್ಲಿ ಕೂತವರಿಗೆ ನಾನು ಹೇಳಬೇಕಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ಗವಿಮಠದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು. ಮಠದ ದಾಸೋಹಕ್ಕೆ ಒಂದು ಗುಣವಿದೆ. ಅದು ಇಂದಿನ ಹಸಿವಿಗೆ ಇಂದೇ ಬಡಿಸುತ್ತದೆ. ಆದಾಯ ಪ್ರಮಾಣಪತ್ರ ಪರಿಶೀಲನೆಯಲ್ಲಿದೆ, ಮಾರ್ಚ್‌ನಲ್ಲಿ ಊಟಕ್ಕೆ ಬಾ ಎನ್ನುವುದಿಲ್ಲ.

ಬಾಬಾಸಾಹೇಬ ಅಂಬೇಡ್ಕರರ ಓದಿನ ಕತೆಯನ್ನೂ ಈ ಕಣ್ಣಿನಿಂದ ನೋಡಬೇಕು. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಅವರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ನ್ಯೂಯಾರ್ಕಿಗೆ ಕಳಿಸಿದರು. ತಿಂಗಳಿಗೆ ಎಂಬ ಮಾತನ್ನು ಗಮನಿಸಿ. ಆಮೇಲೆ ಲಂಡನ್ನಿಗೆ ಹೋಗಿ ಓದು ಹಿಡಿದವರು 1917ರಲ್ಲಿ ವೇತನದ ಅವಧಿ ಮುಗಿಯಿತೆಂದು ಅರ್ಧಕ್ಕೇ ಬಿಟ್ಟು ತಿರುಗಿ ಬರಬೇಕಾಯಿತು. ಮತ್ತೆ ಹೋದದ್ದು 1920ರಲ್ಲಿ. ಸಿಡೆನ್‌ಹ್ಯಾಮ್ ಕಾಲೇಜಿನ ಸಂಬಳದಲ್ಲಿ ಕೂಡಿಟ್ಟ ದುಡ್ಡು, ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಇವು ಮೂರೂ ಸೇರಿದ ಮೇಲೆ. ಅಂಥ ಮೇಧಾವಿಯ ಓದೇ ವೇತನ ನಿಂತಾಗ ಮೂರು ವರ್ಷ ನಿಂತಿತು. ಮುಂದೆ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲದಲ್ಲೇ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇಂದಿಗೂ ದೇಶದಲ್ಲಿ ಅತಿ ಹೆಚ್ಚು ಬಡ ಮಕ್ಕಳನ್ನು ಕಾಲೇಜಿನ ಮೆಟ್ಟಿಲು ಹತ್ತಿಸುತ್ತಿರುವ ಯೋಜನೆಗಳಲ್ಲಿ ಅದೊಂದು.

ಈಗ ನಮ್ಮ ಕಾಲಕ್ಕೆ ಬರೋಣ. ಯೋಜನೆಗಳಿಗೆ ಬರವಿಲ್ಲ. 2013ರಲ್ಲಿ ಬಂದ ವಿದ್ಯಾಸಿರಿ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡಲು ಹುಟ್ಟಿದ್ದು. 2021ರ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500, ಸ್ನಾತಕೋತ್ತರದವರಿಗೆ 10,000 ಮತ್ತು 11,000 ಎಂದು ಗೊತ್ತುಮಾಡಿದರು. ಮೊದಲು ರೈತರ ಮಕ್ಕಳಿಗೆ, ಆಮೇಲೆ ಭೂಮಿ ಇಲ್ಲದ ಕೃಷಿ ಕೂಲಿಗಳ, ನೇಕಾರರ, ಮೀನುಗಾರರ, ಆಟೊ ಚಾಲಕರ ಮಕ್ಕಳಿಗೂ ವಿಸ್ತರಿಸಿದರು. ಖಾಸಗಿ ದಾನದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ.

ಈ ಮೊತ್ತಗಳನ್ನು ಕೂಲಿಯ ಪಕ್ಕದಲ್ಲಿಟ್ಟು ನೋಡೋಣ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಅಂದರೆ ಪದವಿಯ ಹುಡುಗನ ರೈತ ವಿದ್ಯಾನಿಧಿ ಹದಿಮೂರು ಹದಿನಾಲ್ಕು ದಿನದ ಕೂಲಿ. ವಿದ್ಯಾಸಿರಿಯ ಆ 15,000 ಸುಮಾರು ನಲವತ್ತು ದಿನದ ಕೂಲಿ. ಹದಿನೆಂಟು ವರ್ಷದ ಗಟ್ಟಿಮುಟ್ಟಾದ ಮಗ ಕಾಲೇಜಿಗೆ ಹೋಗುತ್ತಾನೆಂದರೆ ಮನೆಗೆ ಬರಬೇಕಾದ ನೂರಾರು ದಿನದ ಕೂಲಿ ನಿಂತಂತೆ. ಭಾನಾಪುರದಲ್ಲಿ ಆಟಿಕೆ ಕಾರ್ಖಾನೆಗಳು ಬಂದಿವೆ. ದುಡಿಯುವ ಕೈಗೆ ಕೆಲಸ ಕೂಗಳತೆಯಲ್ಲಿದೆ. ಸಂತೋಷವೇ. ಆದರೆ ಎರಡು ವರ್ಷ ಎಂ.ಎ. ಓದುವ ಹುಡುಗಿಯ ಮನೆಯಲ್ಲಿ ಅಪ್ಪ ಅವ್ವ ದಿನಾ ರಾತ್ರಿ ಈ ಲೆಕ್ಕ ಹಾಕಿಯೇ ಮಲಗುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ ಕಡಿಮೆ ಎಂದು ನಾವು ಬೀಗುತ್ತೇವಲ್ಲ, ಓದಿನ ನಿಜವಾದ ಬೆಲೆಯಲ್ಲಿ ಶುಲ್ಕದ್ದು ಸಣ್ಣ ಪಾಲು. ಊಟ, ಖೋಲಿ ಬಾಡಿಗೆ, ಬಸ್ಸು, ಕಳೆದುಕೊಂಡ ಕೂಲಿ, ಇವೇ ದೊಡ್ಡವು.

ಇನ್ನು ಆ ಹಣ ಬರುವ ದಾರಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ, ಎಲ್ಲ ಇಲಾಖೆಗಳ ಅರ್ಜಿಯನ್ನೂ ಒಂದೇ ಕಡೆ ತಂದಿತು. ಮುಂಚೆ ಒಬ್ಬೊಬ್ಬ ಗುಮಾಸ್ತನ ಮುಂದೆ ನಿಲ್ಲಬೇಕಿತ್ತು, ಅದು ತಪ್ಪಿತು. ನಡುವೆ ಯಾರೂ ಕೈಹಾಕದಂತೆ ಹಣ ನೇರ ಖಾತೆಗೆ ಬರುವುದು ದೊಡ್ಡ ಸುಧಾರಣೆ, ಅದನ್ನು ಹಗುರ ಮಾಡಿ ಮಾತನಾಡಲಾರೆ. ಆದರೆ ಈಗ ವಿದ್ಯಾರ್ಥಿ ಹಿಡಿಯಬೇಕಾದ ಸರಪಳಿ ನೋಡಿ. ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್, ಅಂಕಪಟ್ಟಿ, ಕಾಲೇಜಿನ ನೋಂದಣಿ ಸಂಖ್ಯೆ, ರೈತರ ಮಕ್ಕಳಾದರೆ ರೈತ ನೋಂದಣಿಯ ಫ್ರೂಟ್ಸ್ ಐಡಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಆಧಾರಿನಲ್ಲಿ ಹೆಸರಿನ ಕೊನೆಗೆ ಅಪ್ಪನ ಹೆಸರು, ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್. ಗಣಕಕ್ಕೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಪ್ರೌಢಶಾಲೆಯಲ್ಲಿದ್ದಾಗ ಯಾವುದೋ ಬ್ಯಾಂಕಿನಲ್ಲಿ ತೆರೆದು ಮರೆತ ಖಾತೆಗೆ ಆಧಾರ್ ಜೋಡಣೆ, ಅಂದರೆ ಎನ್‌ಪಿಸಿಐ ಮ್ಯಾಪಿಂಗ್, ಆಗಿರುತ್ತದೆ. ರೊಕ್ಕ ಅಲ್ಲಿ ಹೋಗಿ ಬೀಳುತ್ತದೆ, ಇಲ್ಲವೇ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಗುತ್ತದೆ. “ಸರ, ಸ್ಟೇಟಸ್‌ನ್ಯಾಗ ಪೇಡ್ ಅಂತ ಐತ್ರಿ, ಖಾತೇದಾಗ ಮಾತ್ರ ಇಲ್ರಿ” ಎಂಬ ಮಾತನ್ನು ಈ ಜಿಲ್ಲೆಯಲ್ಲಿ ಪಾಠ ಹೇಳಿದ ಯಾರೂ ಕೇಳದೆ ಇಲ್ಲ. ಗ್ರಾಮ ಒನ್ ಕೇಂದ್ರಗಳು ಬಂದ ಮೇಲೆ ಪೇಟೆಗೆ ಅಲೆಯುವುದು ಕಡಿಮೆಯಾಗಿದೆ. ಆದರೂ ಅರ್ಜಿ ತುಂಬುವ ಹುಡುಗನ ಬೆರಳು ಎಲ್ಲಿ ತಪ್ಪಿತೆಂದು ತಿಳಿಯುವುದು ಆರು ತಿಂಗಳ ಮೇಲೆ.

ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವೇತನದಲ್ಲಿ ಇನ್ನೂ ಒಂದು ತೊಡಕಿದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಈ ಯೋಜನೆಗೆ ಐದು ವರ್ಷಕ್ಕೆ 59,048 ಕೋಟಿ ರೂಪಾಯಿಯ ಯೋಜನಾ ಗಾತ್ರವನ್ನು ಒಪ್ಪಿ, ಖರ್ಚನ್ನು ಕೇಂದ್ರ 60, ರಾಜ್ಯ 40 ಎಂದು ಹಂಚಿತು. ಕುಟುಂಬದ ಆದಾಯದ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರ ತನ್ನ ಪಾಲನ್ನು ನೇರ ವಿದ್ಯಾರ್ಥಿಯ ಖಾತೆಗೆ ಹಾಕಬೇಕು. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಬೆಂಗಳೂರಿನಲ್ಲಿ ಒಂದು ಕಡತ ನಿಂತರೆ ದೆಹಲಿಯ ಹಣವೂ ನಿಲ್ಲುತ್ತದೆ. ಮೊದಲು ಕಾಲೇಜಿಗೆ ಹೋಗುತ್ತಿದ್ದ ಶುಲ್ಕದ ಹಣವೂ ಈಗ ವಿದ್ಯಾರ್ಥಿಯ ಕೈಗೆ ಬರುವುದರಿಂದ ಕಾಲೇಜಿನವರು ಅವನನ್ನೇ ಕೇಳುತ್ತಾರೆ. ನಾನು ಬಲ್ಲ ಒಂದು ಕಾಲೇಜಿನಲ್ಲಿ ಬಾಕಿ ಇದೆಯೆಂದು ಹಾಲ್ ಟಿಕೆಟ್ ಹಿಡಿದಿಟ್ಟರು. ಕಾಲೇಜಿನವರು ಕೆಟ್ಟವರೇನಲ್ಲ. ಅವರಿಗೂ ತಿಂಗಳ ಕೊನೆಗೆ ಅತಿಥಿ ಉಪನ್ಯಾಸಕರ ಸಂಬಳ ಕೊಡಬೇಕಿತ್ತು.

ಗುಳೆ ಹೋಗುವ ಮನೆಗಳ ಮಕ್ಕಳ ಪಾಡು ಬೇರೆ. ಅಪ್ಪ ಅವ್ವ ಮಂಗಳೂರಿಗೋ ಗೋವಾಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗಿರುತ್ತಾರೆ. ಒಟಿಪಿ ಬರುವ ಮೊಬೈಲು ಅವರ ಜೇಬಿನಲ್ಲಿ. ಅಂಥವರಿಗೆ ಆಸರೆಯಾಗಿದ್ದದ್ದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ. 2023ರಲ್ಲಿ ಅದರ ಮೊತ್ತವನ್ನು ತೀರ ಇಳಿಸಿದರು, ವಿಷಯ ಹೈಕೋರ್ಟಿನ ತನಕ ಹೋಯಿತು. ಸುಳ್ಳು ಕಾರ್ಮಿಕ ಕಾರ್ಡುಗಳು ಹೆಚ್ಚಾದವು ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಸುಳ್ಳು ಕಾರ್ಡಿನವನು ಬೇರೆ ದಾರಿ ನೋಡಿಕೊಳ್ಳುತ್ತಾನೆ. ನಿಜವಾಗಿ ಸಿಮೆಂಟ್ ಹೊತ್ತವಳ ಮಗಳು ಎರಡನೇ ವರ್ಷದಲ್ಲಿ ಓದು ಬಿಡುತ್ತಾಳೆ.

ಇಷ್ಟು ಹೊತ್ತು ಖಾತೆಗೆ ಬರುವ ಹಣದ ಮಾತಾಯಿತು. ಯಾರ ಖಾತೆಗೂ ಬಾರದ ಒಂದು ದೊಡ್ಡ ನೆರವೆಂದರೆ ನಾವು ಕೂತಿರುವ ಈ ವಿಶ್ವವಿದ್ಯಾಲಯವೇ. ಹಿಂದೆ ಕೊಪ್ಪಳ ಸೀಮೆ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗರ ಜಹಗೀರಾಗಿತ್ತು. ಆಗ ವಿಶ್ವವಿದ್ಯಾಲಯ ಎಂದರೆ ಹೈದರಾಬಾದಿನ ಉಸ್ಮಾನಿಯಾ, ಅಲ್ಲಿ ಪಾಠ ಉರ್ದುವಿನಲ್ಲಿ. ಇಲ್ಲೇ ಹತ್ತಿರದ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಅಷ್ಟು ದೂರ ಹೋಗಿ ಓದಿ ಬಂದರು. ಅವರ ಹೆಸರನ್ನು ಹೆಮ್ಮೆಯಿಂದ ಹೇಳುವಾಗ, ಹೋಗಲಾಗದೆ ಉಳಿದ ಅವರ ಓರಗೆಯವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. 1956ರ ನಂತರ ಧಾರವಾಡ, 1980ರಿಂದ ಗುಲಬರ್ಗಾ, 2010ರಿಂದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಬಳ್ಳಾರಿಯೇ ತಳಕಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. 2023ರ ಮಾರ್ಚ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಉದ್ಘಾಟನೆಯಾಗಿ, ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಇಲ್ಲೇ ಶುರುವಾದಾಗ ಈ ಸೀಮೆಯ ಹುಡುಗಿಯೊಬ್ಬಳಿಗೆ ಖೋಲಿ ಬಾಡಿಗೆ, ಮೆಸ್ಸಿನ ಬಿಲ್ಲು ಉಳಿಯಿತು. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬಹುದು ಎಂಬ ಒಂದೇ ಕಾರಣಕ್ಕೆ ಮನೆಯವರು ಓದಿಸಲು ಒಪ್ಪಿದ್ದುಂಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ಅದನ್ನು ಯಾರೂ ವಿದ್ಯಾರ್ಥಿವೇತನ ಎಂದು ಕರೆಯುವುದಿಲ್ಲ. ಆದರೆ ಅರ್ಜಿ ಕೇಳದೆ, ಪರಿಶೀಲನೆ ಇಲ್ಲದೆ, ಬೇಕಾದ ದಿನವೇ ಸಿಗುವ ನೆರವು ಅದು.

ಬಾಡಿಗೆಯ ನೆರವಿಗೆ ಕೋಟಿಗಟ್ಟಲೆ ಖರ್ಚುಮಾಡುವ ಸರ್ಕಾರಗಳು ದೂರವನ್ನೇ ಕಡಿಮೆ ಮಾಡಿದ ಸಂಸ್ಥೆಯನ್ನು ಹೊರೆ ಎಂದು ನೋಡುವುದು ನನಗೆ ತಿಳಿಯದ ಗಣಿತ. 2025ರ ಫೆಬ್ರುವರಿಯಲ್ಲಿ ರಾಜ್ಯ ಸಂಪುಟದ ಉಪಸಮಿತಿ ಕೊಪ್ಪಳವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳಲ್ಲಿ ಸೇರಿಸುವ ಶಿಫಾರಸಿನತ್ತ ಹೊರಟಾಗ ಕೊಟ್ಟ ಕಾರಣಗಳೆಂದರೆ ಹಣವಿಲ್ಲ, ಜಾಗವಿಲ್ಲ, ಸಿಬ್ಬಂದಿ ಇಲ್ಲ. ಕಾರಣಗಳು ನಿಜ. ಕಾಯಂ ಪ್ರಾಧ್ಯಾಪಕರಿಲ್ಲದ ವಿಶ್ವವಿದ್ಯಾಲಯ ಬಡವರ ಮಕ್ಕಳಿಗೆ ಬಡ ಪದವಿ ಕೊಡುತ್ತದೆ ಎಂಬ ಆಕ್ಷೇಪಕ್ಕೂ ನಾನು ತಲೆಬಾಗುತ್ತೇನೆ. ಆದರೆ ಉಳಿತಾಯದ ಪಟ್ಟಿಯ ಇನ್ನೊಂದು ಬದಿಗೆ, ಬಳ್ಳಾರಿಗೆ ಹೋಗಬೇಕಾಗುವ ಪ್ರತಿ ವಿದ್ಯಾರ್ಥಿಯ ಬಾಡಿಗೆ, ಊಟ, ಕೂಲಿಯನ್ನೂ ಬರೆದು ಕೂಡಿಸಿದ ಲೆಕ್ಕವನ್ನು ನಾನು ಎಲ್ಲೂ ನೋಡಲಿಲ್ಲ. ಸಂವಿಧಾನದ 371(ಜೆ) ಕಲಮಿನಿಂದ ಕಲ್ಯಾಣ ಕರ್ನಾಟಕದ ನಮಗೆ ಸೀಟುಗಳಲ್ಲಿ ಸ್ಥಳೀಯರ ಮೀಸಲಾತಿ ಸಿಕ್ಕಿದೆ. ಸೀಟು ಸಿಕ್ಕ ಊರಿಗೆ ಹೋಗಿ ಇರಲಾಗದಿದ್ದರೆ ಆ ಮೀಸಲಾತಿ ಗೆಜೆಟ್ಟಿನಲ್ಲೇ ಉಳಿಯುತ್ತದೆ. ಗದಗ ವಾಡಿ ರೈಲುಮಾರ್ಗ ಇಲ್ಲಿಂದಲೇ ಕವಲೊಡೆದು ಕುಕನೂರು, ಯಲಬುರ್ಗಾ ದಾಟಿ 2025ರಲ್ಲಿ ಕುಷ್ಟಗಿ ಮುಟ್ಟಿತು. ರೈಲಿನ ವೇಳೆ ಕಾಲೇಜಿನ ಗಂಟೆಗೆ ಹೊಂದುವಂತೆ ಮಾಡಿಸಿದರೆ ಗಂಡುಹುಡುಗರಿಗೂ ಒಂದು ಶಕ್ತಿ ಯೋಜನೆ ಸಿಕ್ಕಂತೆ. ಕುಲಪತಿಗಳು ಒಂದು ಪತ್ರ ಬರೆದರೆ ಸಾಕಾಗದು, ಹತ್ತು ಬರೆಯಬೇಕಾದೀತು.

ಜರ್ಮನಿಯಲ್ಲಿ 1971ರಿಂದ ಬಾಫೋಗ್ ಎಂಬ ಕಾನೂನಿದೆ. ಆದಾಯ ಕಡಿಮೆ ಇರುವ ಮನೆಯ ವಿದ್ಯಾರ್ಥಿಗೆ ಅರ್ಧ ಅನುದಾನ, ಅರ್ಧ ಬಡ್ಡಿಯಿಲ್ಲದ ಸಾಲ ಎಂದು ತಿಂಗಳು ತಿಂಗಳು ಹಣ ಕೊಡುತ್ತಾರೆ. ಅಲ್ಲೂ ಅರ್ಜಿಯ ಹಾಳೆಗಳನ್ನು ಬಯ್ಯದವರಿಲ್ಲವಂತೆ. ನಾವು ಅಷ್ಟು ದೂರ ಹೋಗುವುದು ಬೇಡ. ಈ ದತ್ತಿಯಂಥ ಸಣ್ಣ ನಿಧಿಗಳಿಂದಲೇ ಆಗುವ ಒಂದು ಕೆಲಸವನ್ನು ಹೇಳಿ ಮುಗಿಸುತ್ತೇನೆ.

ದತ್ತಿಯ ಪದ್ಧತಿ ನಿಮಗೆ ಗೊತ್ತು. ಮೂಲಧನ ಮುಟ್ಟಬಾರದು, ಬಡ್ಡಿ ಖರ್ಚುಮಾಡಬೇಕು. ಹತ್ತು ಲಕ್ಷ ರೂಪಾಯಿ ನೂರಕ್ಕೆ ಏಳರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 70,000. ತಲೆಗೆ 5,000ದಂತೆ ಹದಿನಾಲ್ಕು ಮಕ್ಕಳಿಗೆ ಕೊಡಬಹುದು, ಫೋಟೊ ತೆಗೆಸಿಕೊಳ್ಳಬಹುದು. ನನ್ನ ಸೂಚನೆ, ಮೂಲಧನವನ್ನೇ ಆಗಸ್ಟಿನಿಂದ ಜನವರಿವರೆಗೆ ಬಡ್ಡಿಯಿಲ್ಲದ ಮುಂಗಡವಾಗಿ ಕೊಡಬೇಕು ಎಂಬುದು. ಅದೇ ಹತ್ತು ಲಕ್ಷದಲ್ಲಿ 200 ವಿದ್ಯಾರ್ಥಿಗಳಿಗೆ ಐದೈದು ಸಾವಿರ ಸಿಗುತ್ತದೆ. ಅವರ ವಿದ್ಯಾರ್ಥಿವೇತನ ಜಮಾ ಆದಾಗ, ಇಲ್ಲವೇ ಗೋವಿನಜೋಳ ಮಾರಿದಾಗ, ತಿರುಗಿ ಕಟ್ಟಲಿ. ಕೈಸಾಲದ ಬಡ್ಡಿ ಉಳಿಯುತ್ತದೆ, ಹಾಲ್ ಟಿಕೆಟ್ ಸಿಗುತ್ತದೆ, ಮುಂದಿನ ಆಗಸ್ಟಿಗೆ ಅದೇ ಹಣ ಮತ್ತೆ 200 ಮಂದಿಗೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆ, ಕಟ್ಟಡಗಳಿಗೆ ಕೊಡುವುದರಲ್ಲಿ ಒಂದು ಚೂರನ್ನು ಇಂಥ ನಿಧಿಗೆ ಬೀಜಧನವಾಗಿ ಕೊಟ್ಟರೆ ಜಿಲ್ಲೆಯ ಎಲ್ಲ ಕಾಲೇಜಿಗೂ ಸಾಲುತ್ತದೆ. ತಿರುಗಿ ಕಟ್ಟದವರ ಗತಿ ಏನು ಎಂದು ಹಣಕಾಸು ಅಧಿಕಾರಿಗಳು ಕೇಳಿಯೇ ಕೇಳುತ್ತಾರೆ, ಕೇಳಬೇಕು. ಉಳಿದ ಆರು ತಿಂಗಳು ಮೂಲಧನ ಬ್ಯಾಂಕಿನಲ್ಲೇ ಇರುವುದರಿಂದ 35,000 ಬಡ್ಡಿ ಬರುತ್ತದೆ. ಅಂದರೆ 200 ಮಂದಿಯಲ್ಲಿ ಏಳು ಜನ ಒಂದು ಪೈಸೆಯನ್ನೂ ಕಟ್ಟದಿದ್ದರೂ ನಿಧಿ ಕರಗುವುದಿಲ್ಲ. ಎಂಟನೆಯವನಿಂದ ಮುಂದಕ್ಕೆ ಕರಗುತ್ತದೆ. ಆ ಎಂಟನೆಯವನ ಮನೆಗೆ ನೋಟಿಸು ಕಳಿಸುವ ಮುಂಚೆ, ಅವನ ಸ್ಟೇಟಸ್‌ನಲ್ಲಿ ಪೇಡ್ ಎಂದಿದ್ದ ರೊಕ್ಕ ಯಾವ ಖಾತೆಯಲ್ಲಿ ಬಿದ್ದಿದೆ ಎಂದು ವಿಶ್ವವಿದ್ಯಾಲಯದ ಒಬ್ಬ ಸಿಬ್ಬಂದಿ ಅವನ ಜೊತೆ ಬ್ಯಾಂಕಿಗೆ ಹೋಗಿ ವಿಚಾರಿಸಿ ಬರಲಿ. ಆ ಸಿಬ್ಬಂದಿಯ ಓಡಾಟದ ಖರ್ಚನ್ನು ಈ ವರ್ಷ ನನಗೆ ಕೊಡಬೇಕಾದ ಉಪನ್ಯಾಸದ ಗೌರವಧನದಿಂದ ಹಿಡಿಯಬಹುದು.